ಅಣ್ಣನ ಜೊತೆ ಹೋದದ್ದು

ಅಣ್ಣನ ಹೆಣವಿಟ್ಟ ಜನಾಜಾದ ಕಾಲು ಹಿಡಿದುಕೊಂಡ ಜನ್ನತ ಬಿಡಲೊಲ್ಲಳು. ಹೆಗಲು ಕೊಡಲು ಬಗ್ಗಿದ ಗಂಡಸರು ಬಗ್ಗಿದಲ್ಲೇ ಉಳಿದರು.

“ಬಿಡವ್ವಾ, ಹೊತ್ತಾಗತೈತಿ,” ಎಂದರು ಜಮಾತಿನ ಹಿರಿಯ ಲಾಲಸಾಬ ಕಾಕಾ.

“ನಾನೂ ಬರತೇನ್ರಿ ಕಾಕಾ.”

“ಹೆಣ್ಮಕ್ಕಳು ಕಬರಸ್ತಾನಕ್ಕ ಬರೂ ಪದ್ಧತಿ ಇಲ್ಲ. ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ. ಆದ್ರ ನಮ್ಮ ಭಾಯಿ ಒಬ್ಬನ ಹೊಂಟಿಲ್ಲ. ನನ್ನ ಕಿಡ್ನಿನೂ ಹೊಂಟೈತಿ. ಅದನ್ನ ಮಣ್ಣ ಮಾಡೂಮುಂದ ನಾ ಇರಬ್ಯಾಡೇನ್ರಿ?”

ಇಂಥ ಪ್ರಶ್ನೆಯನ್ನು ಮುನವಳ್ಳಿಯಲ್ಲಿ ಹಿಂದೆ ಯಾರೂ ಕೇಳಿರಲಿಲ್ಲ. ಕಾಕಾ ಹೆಂಗಸರತ್ತ ಕೈಸನ್ನೆ ಮಾಡಿದರು. ಪಕ್ಕದ ಮನೆಯ ಕೆಂಪವ್ವ ಬಂದು ಜನ್ನತಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

“ಕೊಟ್ಟದ್ದು ಕೊಟ್ಟಿ. ಇನ್ನ ಅದು ಅವಂದ ಆತು, ಬಿಡ ತಂಗಿ.”

*

ಜನ್ನತಳ ಅಣ್ಣ ಮಹಮ್ಮದಗೌಸ ಸುಟ್ಟ ಪಂಪಸೆಟ್ಟುಗಳಿಗೆ ಹೊಸ ತಂತಿ ಸುತ್ತಿ ಕೊಡುವವನು. ತೊಂಬತ್ತೆಂಟನೆಯ ಇಸವಿಯಲ್ಲಿ ಅವನ ಮುಖ, ಕಾಲು ಬಾತುಕೊಂಡು ಎರಡೂ ಕಿಡ್ನಿ ಕೈಕೊಟ್ಟವು. ಹೆಂಡತಿ ಜೈಬುನ್ನಿಸಾಳ ರಕ್ತ ಹೊಂದಲಿಲ್ಲ, ತಂಗಿ ಜನ್ನತಳದು ಹೊಂದಿತು.

“ಸೆಕೆಂಡ್‌ಹ್ಯಾಂಡ್ ಮಾಲು. ಗ್ಯಾರಂಟಿ ಕೇಳಬ್ಯಾಡ,” ಎಂದು ಆಪರೇಷನ್ನಿನ ದಿನ ಅವಳೇ ಅವನನ್ನು ನಗಿಸಿದ್ದಳು.

ಆರೇಳು ವರ್ಷ ಅವಳು ಕೊಟ್ಟ ಕಿಡ್ನಿ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಬೆಳಗಾವಿಯ ಡಾಕ್ಟರು ಅಣ್ಣ ತಂಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

“ಒಳಗ ಮತ್ತ ಮತ್ತ ಉರಿಯೂತ ಆಗೇತಿ. ಗಾಯ ಮಾಯ್ದಲ್ಲೆಲ್ಲ ಕಲೆ ಕಟ್ಟೈತಿ, ಅಲ್ಲಿ ರಕ್ತ ಸೋಸೂದಿಲ್ಲ. ಉಳದ ಜೀವಕೋಶಕ್ಕೂ ಸಿಕ್ಕ ಆಹಾರ ಶಕ್ತಿ ಮಾಡ್ಕೊಳ್ಳಾಕ ಆಗವಲ್ದು.”

“ಅಂದ್ರ ಕರೆಂಟ್ ಬರಾಕ ಹತ್ತೇತಿ, ಮೋಟಾರ ತಿರಗವಲ್ದು,” ಎಂದ ಗೌಸ.

ಮರಳುವ ಬಸ್ಸಿನಲ್ಲಿ ಜನ್ನತ ಕಿಟಕಿಯತ್ತ ಮುಖ ಮಾಡಿ ಅತ್ತಳು. “ನನ್ನ ಮಾಲ ಸುಮಾರಿತ್ತು.”

“ಹುಚ್ಚಿ, ನಿನ್ನ ಮಾಲ ಚೊಲೋನ ಇತ್ತು. ನನ್ನ ಮೈನ ಅದನ್ನ ಹೊರಗಿಂದು ಅಂತ ತಿಳದು ಬಡದಾಡ್ತು. ನನಗ ನಾಚಿಕಿ ಬರತೈತಿ.”

*

ಜನಾಜಾ ಓಣಿಯ ತಿರುವು ದಾಟಿತು. ಗಂಡ ತೀರಿದವಳು ಹೊಸ್ತಿಲು ದಾಟುವಂತಿಲ್ಲ. ಒಳಗಿನಿಂದಲೇ ಜೈಬುನ್ನಿಸಾ ಹೇಳಿದಳು.

“ನೀನರ ಹೋಗು.”

ಜನ್ನತ ಚಪ್ಪಲಿ ಮೆಟ್ಟಿದಳು.

ಕಬರಸ್ತಾನದ ಗೋಡೆ ಅವಳ ಎದೆಮಟ್ಟಕ್ಕಿತ್ತು. ಒಳಗೆ ಕಾಲಿಡದೆ ಹೊರಗೇ ನಿಂತಳು. ಗಂಡಸರು ಸಾಲಾಗಿ ಬಂದು ಹಿಡಿಮಣ್ಣು ಹಾಕತೊಡಗಿದಾಗ ಅವಳು ಗೋಡೆಯ ಅಂಚು ಹಿಡಿದುಕೊಂಡಳು. ತಡೆದರೂ ನಿಲ್ಲದೆ ಬಿಕ್ಕಿದಳು.

ಕಾಕಾ ತಿರುಗಿ ನೋಡಿದರು. ಅವರ ಬಾಯಿ ಊರಿಗೇ ಗೊತ್ತಿದ್ದದ್ದು. ಈಗ ಬೈಗುಳ ಬಿತ್ತೆಂದೇ ಎಲ್ಲರೂ ತಿಳಿದರು. ಅವರು ಗೋಡೆಯವರೆಗೆ ನಡೆದು ಬಂದು ಬೊಗಸೆಯೊಡ್ಡಿದರು.

“ಹಾಕು.”

ಜನ್ನತ ನಿಂತಲ್ಲಿಯ ಮಣ್ಣನ್ನೇ ಬಗ್ಗಿ ಕೆದರಿ, ಮೂರು ಹಿಡಿ ಹಾಕಿದಳು.

ಕಾಕಾ ಬೊಗಸೆಯನ್ನು ಎದೆಗವಚಿಕೊಂಡು, ಒಂದು ಹರಳೂ ಚೆಲ್ಲದಂತೆ ಸಣ್ಣ ಹೆಜ್ಜೆಯಿಡುತ್ತ ಕಬರಿನತ್ತ ಹಿಂದಿರುಗಿದರು. ಸಾಲಿನಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು.