ಫ್ರಿಜ್‌ನಲ್ಲಿಟ್ಟ ಕೊನೆಯ ಸೀಸೆ

ಮೊಟ್ಟೆ, ಮೀನು, ಸೋಯಾ ತಿಂದೇ ಚೀನಾದ ನಮ್ಮ ಸುಝೌ ನಗರದ ಮಕ್ಕಳು ಬೆಳೆಯುತ್ತಾರೆ. ನನ್ನ ಐದು ವರ್ಷದ ಮಗಳು ರುಯಿರುಯಿಗೆ ಅವೇ ವಿಷ. ಅವುಗಳಲ್ಲಿನ ಒಂದು ಅಂಶ ಅವಳಿಗೆ ಅರಗದೆ ರಕ್ತದಲ್ಲಿ ಉಳಿದು ಮಿದುಳಿಗೆ ಏರುತ್ತದೆ. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ, ಆ ಅಂಶವನ್ನೇ ಕಬಳಿಸುವ ಬ್ಯಾಕ್ಟೀರಿಯಾವನ್ನು ರೂಪಿಸಿದ್ದರು. ಹೊಟ್ಟೆಯಲ್ಲಿ ಅದು ಒಂದು ದಿನಕ್ಕಿಂತ ಹೆಚ್ಚು ಬದುಕದು; ಅದಕ್ಕೇ ಮೂರು ತಿಂಗಳಿಂದ ದಿನವೂ ಬೆಳಿಗ್ಗೆ ಅದರದೊಂದು ಗುಟುಕು ಕುಡಿಸುತ್ತಿದ್ದೆ. ಮಗು ಮೊದಲ ಬಾರಿಗೆ ಮೊಟ್ಟೆ ತಿಂದು ಅರಗಿಸಿಕೊಂಡಿತ್ತು.

ಅದರೊಳಗಿನ ಒಂದು ಜೀನ್‌ನ ಪೇಟೆಂಟ್ ಬೇರೆ ಕಂಪನಿಯದಂತೆ. ಆ ಮಹಾನುಭಾವರು ತಾವೂ ಔಷಧಿ ಮಾಡರು, ಮಾಡುವವರನ್ನೂ ಬಿಡರು. ಎಲ್ಲವನ್ನೂ ನಾಶಮಾಡಿ ಎಂದು ನ್ಯಾಯಾಲಯ ಹೇಳಿತು. ಇವತ್ತು ಬೆಳಿಗ್ಗೆ ಅಧಿಕಾರಿಗಳ ಕಣ್ಣೆದುರು ಸೀಸೆಗಳನ್ನೆಲ್ಲ ಹಬೆಯಲ್ಲಿ ಬೇಯಿಸಿದವಳು ನಾನೇ.

ಒಂದನ್ನು ಮಾತ್ರ ನಿನ್ನೆಯೇ ಕದ್ದು ತಂದು ಮನೆಯ ಫ್ರಿಜ್‌ನಲ್ಲಿಟ್ಟಿದ್ದೆ. ಒಂದು ಹನಿ ಜೀವಂತ ಉಳಿದರೂ ಮತ್ತೆ ಬೆಳೆಸಬಹುದು. ಸಿಕ್ಕಿಬಿದ್ದರೆ ಜೈಲು. ಹೆದರಿ ಅತ್ತೆಗೂ ಹೇಳಿರಲಿಲ್ಲ. ಮಧ್ಯಾಹ್ನ ಮೆಟ್ರೋದಲ್ಲಿ ಬರುವಾಗ ಸಮವಸ್ತ್ರ ಕಂಡಲ್ಲೆಲ್ಲ ಮುಖ ತಗ್ಗಿಸಿಕೊಂಡೆ.

ಬಾಗಿಲಲ್ಲೇ ಅತ್ತೆ ಶುರುಮಾಡಿದರು. "ಬಂದ್ಯಾ, ದೊಡ್ಡ ವಿಜ್ಞಾನಿ? ಮಗೂಗೆ ಔಷಧಿ ಕೊಡೋದೇ ಮರೆತು ಓಡಿದ್ಯಲ್ಲ! ಕೊನೆಗೆ ನಾನೇ ಕುಡಿಸ್ದೆ."

"ಯಾವ ಔಷಧಿ ಅತ್ತೆ?"

"ಫ್ರಿಜ್‌ನಲ್ಲಿತ್ತಲ್ಲ, ಅದೇ. ಮುಟ್ಟಿದ್ರೆ ಮಂಜುಗಡ್ಡೆ! ಬರೀ ನೀರನ್ನೂ ಬಿಸಿ ಮಾಡ್ದೆ ಕುಡಿಯದ ಜನ ನಾವು. ಅಂಥದ್ದನ್ನ ಹಾಗೇ ಮಗು ಹೊಟ್ಟೆಗೆ ಹಾಕ್ತಾರೇನೇ? ಚೆನ್ನಾಗಿ ಎರಡು ಕುದಿ ಬರಿಸ್ದೆ."

"ಎಲ್ಲಾನೂ?"

"ಒಂದು ತೊಟ್ಟೂ ಬಿಟ್ಟಿಲ್ಲ, ಜಾಣಮರಿ. ಸೀಸೆನೂ ತೊಳೆದಿಟ್ಟಿದ್ದೀನಿ."

ಕುದಿಸಿದ ಮೇಲೆ ಅದರಲ್ಲಿ ಜೀವ ಎಲ್ಲಿಯದು? ಪೊಲೀಸರ ಭಯ ಎತ್ತ ಹೋಯಿತೋ ತಿಳಿಯದು. ಅದಕ್ಕಿಂತ ದೊಡ್ಡ ಭಯ ಎದೆಯೊಳಗೆ ಬಂದು ಕುಳಿತಿತು.

ಆಗ ಒಳಗಿನಿಂದ ಚಮಚದ ಸದ್ದು ಕೇಳಿಸಿತು.

"ಔಷಧಿ ಆಯ್ತಲ್ಲ ಅಂತ ಮೂರು ಮೊಟ್ಟೆ ಒಡೆದು ಹಬೆಯಲ್ಲಿ ಬೇಯಿಸಿ ಕೊಟ್ಟಿದ್ದೀನಿ," ಎಂದರು ಅತ್ತೆ, ಅಕ್ಕರೆಯಿಂದ.

ಹೋದ ವರ್ಷ ಅರ್ಧ ಮೊಟ್ಟೆಗೇ ಅವಳಿಗೆ ಫಿಟ್ಸ್ ಬಂದಿತ್ತು. ಓಡಿಹೋಗಿ ಬಟ್ಟಲು ಕಿತ್ತುಕೊಂಡೆ. ಅದರ ತಳ ಕಾಣುತ್ತಿತ್ತು.

"ಅಮ್ಮಾ, ನಾನೇನು ತಪ್ಪು ಮಾಡ್ದೆ?"

"ಏನಿಲ್ಲ ಕಂದಾ. ಎಷ್ಟು ಚಮಚ ತಿಂದೆ, ಹೇಳು."

ಹೊಗಳುತ್ತೇನೆಂದುಕೊಂಡಳೋ ಏನೋ, ಕಣ್ಣರಳಿಸಿ ಜೋರಾಗಿ ಎಣಿಸತೊಡಗಿದಳು. ಏಳು, ಎಂಟು ಎಂದರೂ ಅವಳು ನಿಲ್ಲಿಸಲಿಲ್ಲ.