ಮೈಲಿಗೆಯಿಲ್ಲದ ಕಂಬಳಿ

ಸೋಮವಾರ ಬೆಳಗಿನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಹೆಡ್‌ಮಾಸ್ಟರು ಕೈಯೆತ್ತಿ ಮಕ್ಕಳನ್ನು ತಡೆದು, "ನಮ್ಮ ದ್ಯಾವೀರಮ್ಮ ಟೀಚರ್ ನಿನ್ನೆ ತೀರಿಕೊಂಡರು" ಎಂದರು. ನಾನು ನಂಬಲಿಲ್ಲ. ಯಾವ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಮಧ್ಯಾಹ್ನ ಅವರ ತಂಗಿ ಬಂದು ಅವರ ಕನ್ನಡಕವನ್ನು ಮೇಜಿನ ಮೇಲಿಟ್ಟು ಅತ್ತಾಗ ನಂಬಲೇಬೇಕಾಯಿತು.

ನಾನು ಒಂದು ಕರಿಯ ಕಂಬಳಿ. ಈ ಶಾಲೆಯ ಬೀರುವಿನ ಕೆಳಗಿನ ಅರೆಯಲ್ಲಿ ಬಿದ್ದಿದ್ದೇನೆ. ಚಳ್ಳಕೆರೆ ಸೀಮೆಯ ಕುರಿಗಳ ಉಣ್ಣೆಯಿಂದ ಜಡೆಪ್ಪನೆಂಬ ನೇಕಾರ ನನ್ನನ್ನು ನೇಯ್ದ. ಅವನ ಹೆಂಡತಿ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ನಾನು ಹಲಗೆಯಂತೆ ಸೆಟೆದಿದ್ದೆ.

ಪಟೇಲ ತಿಪ್ಪೇರುದ್ರಪ್ಪನವರು ನನ್ನನ್ನು ಕೊಂಡರು. ಪಂಚಾಯಿತಿಗೆ ನನ್ನನ್ನೇ ಹಾಸುತ್ತಿದ್ದರು. ನನ್ನ ಮೇಲೆ ಕೂತು ದೇವರಾಣೆ ಇಟ್ಟವರಲ್ಲಿ ಅರ್ಧ ಜನ ಸುಳ್ಳು ಹೇಳಿದರು. ಮನುಷ್ಯರ ಮೇಲಿನ ಗುಮಾನಿ ನನಗೆ ಅಂಟಿದ್ದು ಅಲ್ಲೇ.

ಆಗ ದ್ಯಾವೀರಿ ಹತ್ತು ವರ್ಷದ ಹುಡುಗಿ. ಊರಾಚೆಯ ಕೇರಿಯಿಂದ ಶಾಲೆಗೆ ಬರುತ್ತಿದ್ದವಳು ಅವಳೊಬ್ಬಳೇ. ಕೂರುತ್ತಿದ್ದುದು ಹೊರಗೆ, ಜಗಲಿಯ ಮೇಲೆ. ಬರೆದ ಸ್ಲೇಟನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿಯಬೇಕು. ಅನಂತಯ್ಯ ಮೇಷ್ಟ್ರು ದೂರದಿಂದಲೇ ನೋಡಿ ಸರಿ, ತಪ್ಪು ಎನ್ನುವರು. ಗಾಳಿ ಬೀಸಿದರೆ ಅರ್ಧ ಪಾಠ ಕೇಳಿಸದು. ಹೀಗೇ ಆದರೆ ಪರೀಕ್ಷೆ ಅವಳ ಪಾಲಿಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಇನ್‌ಸ್ಪೆಕ್ಟರರ ಕಾಗದ ಬಂತು. ಎಲ್ಲ ಮಕ್ಕಳನ್ನೂ ಒಳಗೆ ಕೂರಿಸದಿದ್ದರೆ ಊರಿಗೆ ಮಿಡ್ಲ್ ಸ್ಕೂಲು ಮಂಜೂರಾಗದು. ಪಟೇಲರು ನನ್ನನ್ನು ಹೆಗಲಿಗೆ ಹಾಕಿಕೊಂಡು ಶಾಲೆಗೆ ಬಂದರು.

"ಕಂಬಳಿಗೆ ಮೈಲಿಗೆ ಇಲ್ಲ ಮೇಷ್ಟ್ರೇ. ಇದನ್ನ ಹಾಸಿ ಎಲ್ರನ್ನೂ ಕೂರಿಸ್ರಿ. ಶಾಸ್ತ್ರನೂ ಉಳೀತು, ಸರ್ಕಾರದ ಮಾತೂ ಉಳೀತು."

ಮೇಷ್ಟ್ರು ಕೂಡಲೇ ತಲೆದೂಗಿದರು. ನನಗೆ ಇಬ್ಬರ ಮೇಲೂ ಅನುಮಾನ ಬಂತು.

ಮರುದಿನ ಪಟೇಲರ ಎದುರಿಗೆ, ಅವರ ಮೊಮ್ಮಗನೂ ಸೇರಿ ಮಕ್ಕಳೆಲ್ಲ ನನ್ನ ಮೇಲೆ ಕೂತರು. ದ್ಯಾವೀರಿ ಹೊಸಿಲ ಮೇಲೆ ನಿಂತಳು. ಹಿಂದೆ ಅವಳ ತಾಯಿ ಕೆಂಚಕ್ಕ.

"ಬಾ, ಕೂತ್ಕೋ" ಎಂದರು ಮೇಷ್ಟ್ರು.

ಹುಡುಗಿ ಕದಲಲಿಲ್ಲ. "ಕಂಬಳಿಗೆ ಮೈಲಿಗೆ ಇಲ್ಲ ಅಂತೀರಿ. ನಂಗೈತಾ ಮೇಷ್ಟ್ರೇ?"

"ನೋಡ್ದ್ರಾ, ಎಷ್ಟು ಮಾತು ಕಲ್ತವ್ಳೆ!" ಎಂದು ಪಟೇಲರು ಗದರಿದರು.

"ಇಸ್ಕೂಲಿಗೆ ಕಳ್ಸಿದ್ದು ಮಾತು ಕಲೀಲಿ ಅಂತಾನೇ ಅಲ್ವ್ರಾ ಗೌಡ್ರೆ?" ಎಂದಳು ಕೆಂಚಕ್ಕ.

ಯಾರೋ ಕಿಸಕ್ಕೆಂದರು. ಮೇಷ್ಟ್ರು "ಏಳಿ ಎಲ್ಲರೂ" ಎಂದರು. ನನ್ನನ್ನು ತಾವೇ ಸುತ್ತಿ ಮೂಲೆಗಿಟ್ಟರು. "ಅವಳಿಗಿಲ್ಲ. ನನ್ನ ಬುದ್ಧಿಗಿತ್ತು" ಎಂದು ಬರೀ ನೆಲದ ಮೇಲೆ ಕೂತು, ಅವಳನ್ನು ಪಕ್ಕಕ್ಕೆ ಕರೆದು, ಸ್ಲೇಟನ್ನು ಕೈಯಾರೆ ಇಸಿದುಕೊಂಡರು.

ಪಟೇಲರು ನನ್ನನ್ನು ಅಲ್ಲೇ ಬಿಟ್ಟು, ಮೊಮ್ಮಗನ ರಟ್ಟೆ ಹಿಡಿದು ಎದ್ದು ಹೋದರು. ಅವರ ಹಿಂದೆ ಮಿಕ್ಕವರೂ ಹೋಗಿ, ಉಳಿದದ್ದು ನಾಲ್ಕು ಮಕ್ಕಳು. ನಾನಂತೂ ಮೂಲೆಯಿಂದ ಮೇಷ್ಟ್ರ ಮೇಲೇ ಕಣ್ಣಿಟ್ಟಿದ್ದೆ. ಸಂಜೆ ಅವರು ನೀರಿನ ಕೊಡದ ಕಡೆ ನಡೆದಾಗ, ಇಗೋ, ಈಗ ಕೈ ತೊಳೆಯುತ್ತಾರೆ ಎಂದುಕೊಂಡೆ. ಅವರು ನೀರು ಕುಡಿದು, ಆ ಲೋಟದಲ್ಲೇ ಹುಡುಗಿಗೂ ಕೊಟ್ಟರು. ಅಂದು ನನ್ನ ಅನುಮಾನ ಸೋತಿತು.

ಶಾಲೆ ಮುಚ್ಚುವ ಮಾತು ಬಂತು. ಮೇಷ್ಟ್ರಿಗೆ ಬಹಿಷ್ಕಾರವೂ ಆಯಿತು. ಅವರು ಬಗ್ಗಲಿಲ್ಲ. ಎಂಟು ತಿಂಗಳ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಮರಳಿದರು. ಪಟೇಲರ ಮೊಮ್ಮಗ ಕೊನೆಗೆ ಬಂದ. ದ್ಯಾವೀರಿ ಪರೀಕ್ಷೆ ಪಾಸಾಗಿ, ಮುಂದೆ ಇದೇ ಶಾಲೆಗೆ ಟೀಚರಾಗಿ ಬಂದಳು.

ಮೂವತ್ತು ವರ್ಷ ದ್ಯಾವೀರಮ್ಮ ಟೀಚರ್ ನನ್ನನ್ನು ನೆಲಕ್ಕೆ ಹಾಸಲಿಲ್ಲ. ಜ್ವರ ಬಂದ ಮಕ್ಕಳಿಗೆ ಹೊದಿಸಿದರು, ಅಷ್ಟೇ. ಗುಮಾನಿ ಅವರಿಗೂ ಇತ್ತು. ಪ್ರತಿ ವರ್ಷ ಮೊದಲ ದಿನ ಯಾರ ಪಕ್ಕ ಯಾರು ಕೂತಿದ್ದಾರೆಂದು ನೋಡುವರು. "ಏಳ್ರೋ, ಜಾಗ ಬದಲಾಯ್ಸಿ" ಎಂದು ಎಲ್ಲರನ್ನೂ ಕಲಸಿಬಿಡುವರು.

ಈಗ ನುಸಿ ಹಿಡಿದಿದ್ದೇನೆ. ಬೀರುವಿನ ಸಂದಿಯಿಂದ ತರಗತಿ ಕಾಣುತ್ತದೆ. ಮಕ್ಕಳು ಕೂಡಿ ಕೂತಿದ್ದಾರೆ. ಆದರೂ ಒಬ್ಬೊಬ್ಬರನ್ನೂ ಎರಡೆರಡು ಸಲ ನೋಡುತ್ತೇನೆ. ಇನ್ನು ಆ ಕೆಲಸಕ್ಕೆ ನಾನೊಬ್ಬನೇ.

ದೇವರೇ, ಆ ತಾಯಿ ನಿನ್ನ ಬಳಿ ಬಂದಿದ್ದಾರೆ. ನಿನ್ನನ್ನೂ ಏನಾದರೂ ಕೇಳದೆ ಬಿಡುವವರಲ್ಲ. ಸಿಟ್ಟಾಗಬೇಡ ತಂದೆ, ನಿಜವನ್ನೇ ಹೇಳು. ಅವರ ಜೀವ ತಣ್ಣಗಿರಲಿ.