ಸೌಟು ಸಂಘ

ಆಸ್ಪತ್ರೆ ಕ್ಯಾಂಟೀನಿನ ಹಿರಿಯ ಅಡುಗೆಯವಳಿಗೆ ಜ್ವರ ಬಂತು. ಬಂದದ್ದು ಸುಮ್ಮನೆ ಹೋಗಲಿಲ್ಲ, ನಾಲಿಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು, ಉಪ್ಪು ಹಾಕಿಕೊಂಡರೆ ಇನ್ನೂ ಸಣ್ಣ ಮರಳು. ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಇಷ್ಟು ವರ್ಷ ಕೈರುಚಿಯಿಂದಲೇ ಅನ್ನ ಹುಟ್ಟಿಸಿಕೊಂಡವಳು. ಸುದ್ದಿ ಹೊರಬಿದ್ದರೆ ಸೌಟು ಕಿತ್ತುಕೊಂಡು ಪೊರಕೆ ಕೊಡುತ್ತಾರೆ.

ಸುಸ್ತೆಂದು ರಜೆ ಹಾಕಿ, ಶಾಲೆಯ ಕಾಲದ ಮೂವರು ಗೆಳತಿಯರನ್ನು ಕಲೆಹಾಕಿ ‘ಸೌಟು ಸಂಘ’ ಕಟ್ಟಿದಳು. ಪ್ರತಿ ಭಾನುವಾರ ಅವಳ ಮನೆಯಲ್ಲಿ ಅಡುಗೆ, ಊಟ, ಹರಟೆ. ನಿಯಮ ಒಂದೇ: ಒಲೆ ಮುಂದಿರುವವಳು ರುಚಿ ನೋಡುವಂತಿಲ್ಲ, ಉಳಿದವರು ನೋಡಿ ಮುಲಾಜಿಲ್ಲದೆ ಹೇಳಬೇಕು. ಗೆಳತಿಯರಿಗೆ ಅದು ಆಟ. ಅವಳಿಗೆ ಮಾತ್ರ ಪರೀಕ್ಷೆ. ನಾಲಿಗೆ ಮರೆತದ್ದು ಕೈಗೆ ನೆನಪಿದೆಯೋ ಇಲ್ಲವೋ?

“ಆಹಾ!” ಎನ್ನುತ್ತಿದ್ದಳು ದರ್ಜಿ ಗೆಳತಿ. “ಇನ್ನೊಂದು ಸೌಟು ಹಾಕೇ,” ಎನ್ನುತ್ತಿದ್ದಳು ಔಷಧಿ ಅಂಗಡಿಯವಳು. ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವ ಗೆಳತಿಯಂತೂ ಮೂಗಿನಲ್ಲೇ ರಾಗ ಎಳೆಯುತ್ತಿದ್ದಳು: “ಪ್ರಯಾಣಿಕರ ಗಮನಕ್ಕೆ, ಸೂಪು ನೇರವಾಗಿ ಸ್ವರ್ಗಕ್ಕೆ ಹೊರಡಲಿದೆ!”

ಹಾಗಾಗಿ ಈ ಭಾನುವಾರ ಬೆಳಿಗ್ಗೆಯೇ ಮ್ಯಾನೇಜರಿಗೆ ಫೋನು ಮಾಡಿ, ನಾಳೆಯಿಂದ ಬರುತ್ತೇನೆ ಎಂದುಬಿಟ್ಟಿದ್ದಳು.

ಸೂಪು ಇಳಿಸಿ, ಸಿಪ್ಪೆಯ ಬುಟ್ಟಿ ಖಾಲಿ ಮಾಡಲು ಕೆಳಗೆ ಹೋಗಿ ಬಂದಳು. ಬಾಗಿಲ ಹತ್ತಿರ ಬರುವಾಗ ಒಳಗಿನಿಂದ ತನ್ನದೇ ದನಿ ಕೇಳಿಸಿತು.

“ಉಪ್ಪು ಸರೀಗಿದ್ಯೇನ್ರೇ? ನಿಜ ಹೇಳ್ಬೇಕು, ನನ್ನಾಣೆ!” ಮೈಕಿನವಳು ಅವಳ ಏದುಸಿರನ್ನೂ ಬಿಡದೆ ಅಣಕಿಸುತ್ತಿದ್ದಳು.

ದರ್ಜಿಗೆ ನಗು ತಡೆಯಲಾಗಲಿಲ್ಲ. “ಸಾಕು ಕಣೇ, ಹೊಟ್ಟೆ ಹುಣ್ಣಾಯ್ತು. ನಾನಂತೂ ಮನೇಲೇ ತಿಂದ್ಕೊಂಡು ಬರ್ತೀನಪ್ಪ.”

“ಕಳೆದ ವಾರದ್ದು ಸಮುದ್ರ. ಇವತ್ತು ಸಮುದ್ರಕ್ಕೆ ಮತ್ತೆ ಉಪ್ಪು ಹಾಕಿದ್ದಾಳೆ,” ಎಂದಳು ಪಾತ್ರೆಯಿಂದ ಒಂದು ಚಮಚ ರುಚಿ ನೋಡಿದ ಔಷಧಿಯವಳು. “ಪಾಪ, ಕಾಯಿಲೆಯಿಂದ ಎದ್ದವಳು. ಏನಂತ ಹೇಳೋದು?”

ಅವಳು ಖಾಲಿ ಬುಟ್ಟಿಯೊಂದಿಗೆ ಒಳಗೆ ಬಂದಳು. ನಗು ಗಕ್ಕನೆ ನಿಂತಿತು. ಏನೂ ಕೇಳಿಸಿಕೊಳ್ಳದವಳಂತೆ ಮೂರು ಬಟ್ಟಲಿಗೂ ಸೂಪು ಬಗ್ಗಿಸಿದಳು.

“ಹೇಗಿದೆ?”

“ಅಮೃತ ಕಣೇ,” ಎಂದಳು ಮೈಕಿನವಳು, ತನ್ನ ಸ್ವಂತ ದನಿಯಲ್ಲಿ.

“ನನಗೆ ರುಚೀನೇ ಗೊತ್ತಾಗ್ತಿಲ್ಲ,” ಎಂದಳು ಅಡುಗೆಯವಳು. “ ಜ್ವರ ಬಂದಾಗಿನಿಂದ. ನಿಮ್ಮ ನಾಲಿಗೆ ನಂಬ್ಕೊಂಡು ನಾಳೆ ರೋಗಿಗಳಿಗೆ ಬಡಿಸೋಕೆ ಹೊರಟಿದ್ದೆ. ಬಿ.ಪಿ.ಯವರು, ಕಿಡ್ನಿ ಹೋದವರು.”

ಔಷಧಿಯವಳು ಬಟ್ಟಲು ದೂರ ತಳ್ಳಿದಳು. “ಮೊದಲೇ ಹೇಳ್ಬಾರ್ದಿತ್ತೇನೇ?”

“ನಿಯಮ ಹೇಳಿದ್ದೆನಲ್ಲ.”

“ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ…” ದರ್ಜಿ ಅರ್ಧಕ್ಕೇ ನಿಲ್ಲಿಸಿದಳು.

ಅವಳು ಅವರ ಎದುರೇ ಮ್ಯಾನೇಜರಿಗೆ ಫೋನು ಹಚ್ಚಿದಳು. ವಿಷಯ ಹೇಳಿ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಆ ಕಡೆಯಿಂದ ಮ್ಯಾನೇಜರ್ ದನಿ:

“ಹೋಗ್ಲಿ ಬಿಡಿ ಅಕ್ಕ. ಒಲೆ ಹತ್ರ ನಿಮ್ಮ ಕೈಕೆಳಗಿದ್ದವಳನ್ನೇ ನಿಲ್ಲಿಸ್ತೀನಿ. ನೀವು ಈರುಳ್ಳಿ ಹೆಚ್ಚೋ ಕಡೆ ಬನ್ನಿ. ಆಗುತ್ತಾ?”



“ಆಗುತ್ತೆ,” ಎಂದಳು. “ಚಾಕು ನಾನೇ ತರಬೇಕಾ?”